ಅಪ್ಪನ ಕಾರಿನ ಎರಡನೇ ಸಿಲಿಂಡರ್

“ಒಂದು ಸಿಲಿಂಡರ್ ಸತ್ತುಹೋಗಿದೆಯಂತೆ ಕಣೋ” ಅಂತ ಅಪ್ಪ ಫೋನಿನಲ್ಲಿ ಹೇಳುತ್ತಿದ್ದಾಗ ಹಿಂದಿನಿಂದ ಅಮ್ಮನ ದನಿ ಕೇಳಿಸಿತು: “ಮೊನ್ನೆ ತಾನೆ ಗ್ಯಾಸ್ ತುಂಬಿಸಿದ್ರಲ್ರೀ, ಅಷ್ಟು ಬೇಗ ಖಾಲಿ ಆಯ್ತಾ?”

ಅಮ್ಮ ಹೇಳಿದ್ದು ಡಿಕ್ಕಿಯಲ್ಲಿರುವ ಗ್ಯಾಸ್ ಟ್ಯಾಂಕ್ ಬಗ್ಗೆ. ಅಪ್ಪ ಹೇಳಿದ್ದು ಇಂಜಿನ್ ಒಳಗಿನ ಸಿಲಿಂಡರ್ ಬಗ್ಗೆ. ನಾನು ನಕ್ಕುಬಿಟ್ಟೆ. ಆದರೆ ಎರಡಕ್ಕೂ ಸಂಬಂಧ ಇತ್ತು ಅಂತ ಆಮೇಲೆ ಗೊತ್ತಾಯಿತು.

ಹೋದ ತಿಂಗಳು ಮಿಕ್ಸಿಯ ಕಾರ್ಬನ್ ಬ್ರಶ್ ಬಗ್ಗೆ ಬರೆದಿದ್ದೆ. ಈ ಸಲದ್ದು ಸ್ವಲ್ಪ ದೊಡ್ಡ ರಿಪೇರಿ. ತಿಪಟೂರಿನಲ್ಲಿರುವ ನಮ್ಮ ಮನೆಯ ಕಾರು 1997ರ ಮಾರುತಿ 800. ಕಾರ್ಬ್ಯುರೇಟರ್ ಇರುವ 796 ಸಿಸಿ ಇಂಜಿನ್, ಮೂರೇ ಸಿಲಿಂಡರ್. ಅಮ್ಮನಿಗೆ ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತೋಕಾಗಲ್ಲ. ತುಮಕೂರಿನ ಡಾಕ್ಟರ ಹತ್ತಿರ ಹೋಗಬೇಕೆಂದರೆ ಈ ಕಾರೇ ಗತಿ. ಎರಡು ವಾರದಿಂದ ಅದು ಮಿಸ್ಸಿಂಗ್ ಹೊಡೆಯುತ್ತಿತ್ತು. ನಿಂತಲ್ಲೇ ಗಡಗಡ ನಡುಕ, ಏರು ಬಂದರೆ ಪಿಕಪ್ ಇಲ್ಲ. ಗ್ಯಾರೇಜಿನವರು ಶಬ್ದ ಕೇಳಿ, “ಕಂಪ್ರೆಷನ್ ಹೋಗಿದೆ ಸಾರ್, ಇಂಜಿನ್ ಇಳಿಸಿ ಬೋರ್ ಕೆಲಸ ಮಾಡ್ಬೇಕು, 32 ಸಾವಿರ ಆಗುತ್ತೆ” ಅಂದರಂತೆ. ಹಳೇ ಕಾರು ಕೊಳ್ಳುವವರೊಬ್ಬರು 25 ಸಾವಿರಕ್ಕೆ ಕೇಳಿದ್ದರು.

“ಸೋಮವಾರ ಬರ್ತಾರೆ, ಕೊಟ್ಟುಬಿಡೋಣ ಅಂತಿದೀನಿ. ಕಾರಿಗೂ ವಯಸ್ಸಾಯ್ತು, ನನಗೂ ಆಯ್ತು” ಅಂದರು ಅಪ್ಪ. ಆ ಮಾತು ನನಗೆ ಹಿಡಿಸಲಿಲ್ಲ. ಶುಕ್ರವಾರ ರಾತ್ರಿಯ ರೈಲು ಹತ್ತಿದೆ.

ಹೊರಡುವ ಮುಂಚೆ ಒಂದು ತಪ್ಪು ಮಾಡಿದೆ. ಮಿಸ್ಸಿಂಗ್ ಅಂದರೆ ಪ್ಲಗ್ ಇರಬೇಕು ಅಂತ ಹೊಸ ಪ್ಲಗ್, ಹೊಸ ಪ್ಲಗ್ ವೈರ್ ಎಲ್ಲ ಕೊಂಡುಕೊಂಡು ಹೋದೆ. ಶನಿವಾರ ಬೆಳಿಗ್ಗೆ ಕಾಫಿ ಕೂಡ ಕುಡಿಯದೆ ಎಲ್ಲ ಬದಲಾಯಿಸಿದೆ. ಏನೂ ಆಗಲಿಲ್ಲ, ಅದೇ ನಡುಕ. ಪರೀಕ್ಷೆ ಮಾಡದೆ ತೀರ್ಪು ಕೊಟ್ಟ ಗ್ಯಾರೇಜಿನವರಿಗೂ ನನಗೂ ಏನು ವ್ಯತ್ಯಾಸ? ಆಫೀಸಿನಲ್ಲಿ ಯಾರಾದರೂ ಲಾಗ್ ನೋಡದೆ ಕೋಡ್ ಬದಲಾಯಿಸಿದರೆ ನಾನೇ ಬೈಯುತ್ತೇನೆ.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಮೊದಲ ಪ್ರಶ್ನೆ: ಮೂರರಲ್ಲಿ ಕೆಲಸ ಮಾಡದಿರುವುದು ಯಾವುದು? ಗ್ಯಾಸ್ ಬಂದ್ ಮಾಡಿ ಪೆಟ್ರೋಲಿಗೆ ಹಾಕಿದೆ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಬಿಚ್ಚಿ, ಅದಕ್ಕೆ ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗನ್ನು ಇಂಜಿನ್ನಿನ ಲೋಹಕ್ಕೆ ತಾಗಿಸಿಟ್ಟು ಸ್ಟಾರ್ಟ್ ಮಾಡುವುದು. ಓಡುವ ಇಂಜಿನ್ನಿನಲ್ಲಿ ವೈರ್ ಎಳೆಯುವವರನ್ನೂ ನೋಡಿದ್ದೇನೆ, ಆ ಸಾಹಸ ಬೇಡ. ಸಾವಿರಾರು ವೋಲ್ಟಿನ ಶಾಕ್ ಅದು. ಒಂದನೆಯದು ಬಿಚ್ಚಿದಾಗ ಇಂಜಿನ್ ನಿಂತೇಹೋಯಿತು. ಮೂರನೆಯದಕ್ಕೂ ಹಾಗೇ. ಎರಡನೆಯದು, ಅಂದರೆ ನಡುವಿನದು, ಬಿಚ್ಚಿದಾಗ ನಡುಕ ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಅನ್ನುವುದೇ ಸತ್ತ ಸಿಲಿಂಡರ್.

ಸಿಲಿಂಡರ್ ಉರಿಯೋಕೆ ಬೇಕಾದ್ದು ಮೂರು: ಕಿಡಿ, ಪೆಟ್ರೋಲ್-ಗಾಳಿಯ ಮಿಶ್ರಣ, ಕಂಪ್ರೆಷನ್. ಎರಡನೇ ವೈರಿಗೆ ಸಿಕ್ಕಿಸಿದ್ದ ಹಳೇ ಪ್ಲಗ್ಗಿನಲ್ಲಿ ನೀಲಿ ಕಿಡಿ ಚಟಚಟ ಅನ್ನುತ್ತಿತ್ತು, ಹಾಗಾಗಿ ಕರೆಂಟ್ ಬರುತ್ತಿದೆ. ಅದೇ ಸಿಲಿಂಡರಿನಿಂದ ಬಿಚ್ಚಿದ ಹೊಸ ಪ್ಲಗ್ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಹಾಗಾಗಿ ಪೆಟ್ರೋಲೂ ಬರುತ್ತಿದೆ. ಅಲ್ಲದೆ ಮೂರಕ್ಕೂ ಒಂದೇ ಕಾರ್ಬ್ಯುರೇಟರ್. ತೊಂದರೆ ಅದರದ್ದಾಗಿದ್ದರೆ ಮೂರೂ ಒದ್ದಾಡಬೇಕಿತ್ತು. ಉಳಿದದ್ದು ಕಂಪ್ರೆಷನ್.

ಆನ್‌ಲೈನಿನಲ್ಲಿ ಎಂದೋ ತರಿಸಿದ್ದ ಕಂಪ್ರೆಷನ್ ಗೇಜ್ ಬ್ಯಾಗಿನಲ್ಲಿತ್ತು. ಮೂರೂ ಪ್ಲಗ್ ಬಿಚ್ಚಿ, ಕಿಡಿ ಬಾರದ ಹಾಗೆ ಕಾಯಿಲ್ ವೈರ್ ತೆಗೆದು, “ಅಪ್ಪಾ, ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ” ಅಂದೆ. ಮೊದಲನೆಯದು 160 ಪಿಎಸ್‌ಐ. ಮೂರನೆಯದು 155. ನಡುವಿನದು ಬರೀ 50.

ಅಂದರೆ ಗ್ಯಾರೇಜಿನವರು ಹೇಳಿದ್ದು ಅರ್ಧ ನಿಜ. ಕಂಪ್ರೆಷನ್ ಹೋಗಿತ್ತು. ಆದರೆ ಎಲ್ಲಿಂದ ಹೋಗುತ್ತಿದೆ? ಸವೆದ ಪಿಸ್ಟನ್ ರಿಂಗಿನಿಂದಲಾದರೆ ಬೋರ್ ಕೆಲಸವೇ. ಇದಕ್ಕೆ ಒಂದು ಚಮಚದ ಪರೀಕ್ಷೆ ಇದೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದು. ಆಯಿಲ್ ರಿಂಗಿನ ಸುತ್ತ ನಿಂತು ಸಂದು ಮುಚ್ಚುತ್ತೆ. ಓದು ಚೆನ್ನಾಗಿ ಮೇಲೇರಿದರೆ ರಿಂಗ್ ಸವೆದಿದೆ ಅಂತ ಅರ್ಥ. ಏರದಿದ್ದರೆ ಸೋರಿಕೆ ಮೇಲಿನ ವಾಲ್ವ್‌ಗಳಲ್ಲಿ ಅಥವಾ ಹೆಡ್ ಗ್ಯಾಸ್ಕೆಟ್ಟಿನಲ್ಲಿ. ಅಳೆದರೆ 55. ಏರಲಿಲ್ಲ ಅಂತಲೇ ಲೆಕ್ಕ. ಅಕ್ಕಪಕ್ಕದ ಸಿಲಿಂಡರುಗಳು ಗಟ್ಟಿಯಾಗಿದ್ದವು, ರೇಡಿಯೇಟರ್ ನೀರಿನಲ್ಲಿ ಎಣ್ಣೆಯೂ ಇರಲಿಲ್ಲ. ಗ್ಯಾಸ್ಕೆಟ್ ಮೇಲೆ ಅನುಮಾನ ಕಡಿಮೆಯಾಯಿತು, ವಾಲ್ವ್ ಮೇಲೆ ಹೆಚ್ಚಾಯಿತು.

“ಟ್ಯಾಪೆಟ್ ಯಾವಾಗ ಮಾಡಿಸಿದ್ರಿ?” ಅಂತ ಕೇಳಿದೆ. ಅಪ್ಪ ಒಳಗೆ ಹೋಗಿ ನೀಲಿ ರಟ್ಟಿನ ನೋಟ್‌ಬುಕ್ ತಂದರು. ಕಾರು ಕೊಂಡ ದಿನದಿಂದ ಪ್ರತಿ ರಿಪೇರಿಯ ತಾರೀಖು, ಕಿಲೋಮೀಟರ್, ಖರ್ಚು ಅದರಲ್ಲಿದೆ. ಈ ಪುಸ್ತಕ ನೋಡಿ ಚಿಕ್ಕಂದಿನಲ್ಲಿ ನಾನು ನಗುತ್ತಿದ್ದೆ. ಟ್ಯಾಪೆಟ್ ಕೊನೆಯ ಸಲ: 2016. ಅದರ ಮುಂದಿನ ಪುಟದಲ್ಲೇ ಗ್ಯಾಸ್ ಕಿಟ್ ಹಾಕಿಸಿದ ಲೆಕ್ಕ.

ಉತ್ತರ ಅಲ್ಲೇ ಇತ್ತು. ಗ್ಯಾಸ್ ಮೇಲೆ ಓಡುವ ಹಳೇ ಇಂಜಿನ್ನುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟ್ ಬೇಗ ಸವೆಯುತ್ತೆ. ಸೀಟ್ ಸವೆದಷ್ಟೂ ವಾಲ್ವ್ ಮೇಲೆ ಸರಿದು, ಅದರ ತುದಿಗೂ ರಾಕರ್‌ಗೂ ನಡುವೆ ಇರಬೇಕಾದ ಸಣ್ಣ ಗ್ಯಾಪ್ ಮುಚ್ಚಿಹೋಗುತ್ತೆ. ಆಮೇಲೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳೋದೇ ಇಲ್ಲ, ಚಿಲಕ ಹಾಕಲಾಗದ ಬಾಗಿಲಿನ ಹಾಗೆ. ಟ್ಯಾಪೆಟ್ ಸಡಿಲವಾದರೆ ಟಕಟಕ ಸದ್ದು ಬಂದು ಗೊತ್ತಾಗುತ್ತೆ. ಬಿಗಿಯಾದರೆ ಸದ್ದೇ ಬರಲ್ಲ.

ಇಂಜಿನ್ ಪೂರ್ತಿ ತಣ್ಣಗಾಗಲಿ ಅಂತ ಭಾನುವಾರದವರೆಗೆ ಕಾದೆವು. ಬೆಳಿಗ್ಗೆ ಮೇಲಿನ ಕವರ್ ಬಿಚ್ಚಿ, ನಾಲ್ಕನೇ ಗೇರಿಗೆ ಹಾಕಿ, ಕಾರನ್ನು ಒಂಚೂರು ಒಂಚೂರೇ ತಳ್ಳಿ ಇಂಜಿನ್ ತಿರುಗಿಸಿದೆ. ನಡುವಿನ ಎಕ್ಸಾಸ್ಟ್ ವಾಲ್ವಿನಲ್ಲಿ ಫೀಲರ್ ಗೇಜಿನ ಅತಿ ತೆಳು ಪಟ್ಟಿಯೂ ತೂರಲಿಲ್ಲ. ಉಳಿದೆರಡು ಎಕ್ಸಾಸ್ಟ್ ವಾಲ್ವ್‌ಗಳೂ ಬಿಗಿಯಾಗುವ ದಾರಿಯಲ್ಲಿದ್ದವು. ಮ್ಯಾನುಯಲ್‌ನಲ್ಲಿದ್ದ ಅಳತೆಗೆ ಎಲ್ಲವನ್ನೂ ಹೊಂದಿಸಿದೆ. ಮತ್ತೆ ಗೇಜ್ ಹಾಕಿದಾಗ ನಡುವಿನದು 135.

ಸ್ಟಾರ್ಟ್ ಮಾಡಿದಾಗ ಚಮಚದ ಆಯಿಲ್ ಸುಟ್ಟು ಒಂದೆರಡು ನಿಮಿಷ ಹೊಗೆ ಬಂತು. ಅಪ್ಪನ ಮುಖ ಸಪ್ಪಗಾಯಿತು. ಹೊಗೆ ಕಡಿಮೆಯಾಗುತ್ತಾ ಬಂದ ಹಾಗೆ ನಡುಕ ನಿಂತಿದೆ ಅನ್ನುವುದು ಗೊತ್ತಾಯಿತು.

ಪೂರ್ತಿ ಗೆದ್ದೆ ಅಂತ ಹೇಳಲ್ಲ. 135 ಅಂದರೆ ಪಕ್ಕದವರಿಗಿಂತ ಕಡಿಮೆಯೇ, ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬಹುದು. ಸಾವಿರ ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆಯಬೇಕು. ಇಳಿದಿದ್ದರೆ ಹೆಡ್ ಬಿಚ್ಚಿಸಲೇಬೇಕು. ಆಗಲೂ ಅದು ವಾಲ್ವ್ ಕೆಲಸ, ಬೋರ್ ಕೆಲಸ ಅಲ್ಲ. ಹೀಗೇ ಓಡಿಸುತ್ತಿದ್ದರೆ ಮಾತ್ರ ವಾಲ್ವ್ ಪೂರ್ತಿ ಸುಟ್ಟುಹೋಗುತ್ತಿತ್ತು.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದು, ಯಾರಾದರೂ ಇಂಜಿನ್ ಇಳಿಸಬೇಕು ಅಂದರೆ ಜಗಳ ಆಡಬೇಡಿ. “ಮೂರೂ ಸಿಲಿಂಡರಿನ ಕಂಪ್ರೆಷನ್ ಎಷ್ಟಿದೆ? ಆಯಿಲ್ ಬಿಟ್ಟ ಮೇಲೆ ಎಷ್ಟಾಯ್ತು? ಟ್ಯಾಪೆಟ್ ನೋಡಿದ್ರಾ?” ಅಂತ ಮಾತ್ರ ಕೇಳಿ. ಉತ್ತರ ಅಂಕಿಯಲ್ಲಿ ಬಂದರೆ ಒಳ್ಳೇ ಮೆಕ್ಯಾನಿಕ್ ಸಿಕ್ಕಿದ್ದಾರೆ. ಕೆಲಸ ಅವರಿಗೇ ಕೊಡಿ.

ಭಾನುವಾರ ಸಂಜೆ ಅಮ್ಮನನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬಂದೆವು. ಓಡಿಸಿದ್ದು ಅಪ್ಪ. “ಈಗ ಕಾಲು ಅದುರಲ್ಲ” ಅಂದರು ಅಮ್ಮ. ಮನೆಗೆ ಬಂದು ಅಪ್ಪ ಮೊದಲು ಸೋಮವಾರದವರಿಗೆ ಫೋನ್ ಮಾಡಿ ಬರಬೇಡಿ ಅಂದರು. ಆಮೇಲೆ ನೀಲಿ ನೋಟ್‌ಬುಕ್ ತೆಗೆದು ತಾರೀಖು, ಕಿಲೋಮೀಟರ್ ಬರೆದು ನನ್ನ ಕಡೆ ನೋಡಿದರು. “ಟ್ಯಾಪೆಟ್ ಖರ್ಚು ಸೊನ್ನೆ ಅಂತ ಹಾಕ್ತೀನಿ. ಆ ಪ್ಲಗ್ಗು, ವೈರಿಗೆಲ್ಲ ಎಷ್ಟಾಯ್ತು ಹೇಳು, ಅದನ್ನೂ ಬರೀಬೇಕು.”