ಕಾಲ್ನಡೆಗೆ ಸುಂಕವೇ?

ಅಹಮದಾಬಾದು ನಗರದಲ್ಲಿ, ಎಲ್ಲಿಸ್ ಸೇತುವೆಗೂ ಸರ್ದಾರ್ ಸೇತುವೆಗೂ ನಡುವೆ, ಸಾಬರಮತಿಯ ಮೇಲೆ ಪಾದಚಾರಿಗಳಿಗಾಗಿಯೇ ನಿರ್ಮಿತವಾದ ಅಟಲ್ ಸೇತುವೆಯು 2022ನೆಯ ಇಸವಿ ಆಗಸ್ಟ್ 27ರಂದು ಉದ್ಘಾಟಿತವಾಯಿತು. ಸುಮಾರು 300 ಮೀಟರು ಉದ್ದದ ಈ ಉಕ್ಕಿನ ರಚನೆಯು ಉತ್ತರಾಯಣದ ಗಾಳಿಪಟಗಳ ವರ್ಣವೈಭವವನ್ನು ನೆನಪಿಗೆ ತರುವುದು. ಅದರ ಸೌಂದರ್ಯದಲ್ಲಿ ವಿವಾದವಿಲ್ಲ. ವಿವಾದವಿರುವುದು ಅದರ ಬಾಗಿಲಿನಲ್ಲಿ.

ತೆರೆದ ವಾರದೊಳಗಾಗಿಯೇ ಅಲ್ಲಿ ಪ್ರವೇಶಶುಲ್ಕವು ಏರ್ಪಟ್ಟಿತು. ಅರ್ಧ ಗಂಟೆಯ ಅವಧಿಗೆ ದೊಡ್ಡವರಿಗೆ 30 ರೂಪಾಯಿ, ಮಕ್ಕಳಿಗೂ ವೃದ್ಧರಿಗೂ 15 ರೂಪಾಯಿ. ಸಾರ್ವಜನಿಕ ದ್ರವ್ಯದಿಂದ ಕಟ್ಟಿದ ದಾರಿಯಲ್ಲಿ ನಡೆಯಲು ಸಾರ್ವಜನಿಕನೇ ಮತ್ತೆ ಹಣ ತೆರಬೇಕೆಂಬುದು ಅರವಟ್ಟಿಗೆಯನ್ನಿಟ್ಟು ನೀರಿಗೆ ಬೆಲೆ ಕೇಳಿದಂತಲ್ಲವೆ? ಅಂಬಿಗನು ಕೂಲಿ ಕೇಳಿದರೆ ನ್ಯಾಯವುಂಟು. ಹುಟ್ಟು ಹಾಕುವ ತೋಳು ಅವನದು. ಸೇತುವೆಯ ಮೇಲಾದರೋ ಶ್ರಮವೆಲ್ಲ ನಡೆಯುವವನದೇ.

ಬೇಡವಾದವನು ಪಕ್ಕದ ಸೇತುವೆಗಳಿಂದ ದಾಟಲಿ ಎಂದು ಶುಲ್ಕವಾದಿಗಳು ಹೇಳಬಹುದು. ಈ ಮಾತೇ ಅವರ ಪಕ್ಷವನ್ನು ಕೆಡಿಸುವುದು. ಆ ಸೇತುವೆಗಳ ಮೇಲೆ ಮೋಟಾರಿನಲ್ಲಿ ಕುಳಿತವನು ಸುಂಕವಿಲ್ಲದೆ ಸಾಗುತ್ತಾನೆ. ಹೊಗೆಯಿಲ್ಲದೆ, ಸದ್ದಿಲ್ಲದೆ ನಡೆದು ಹೋಗುವವನ ಹೆಸರಿನಲ್ಲಿಯೇ ಕಟ್ಟಿದ ಸೇತುವೆಯಲ್ಲಿ ಅವನ ಕೈ ಹಿಡಿದು ನಿಲ್ಲಿಸಲಾಗುತ್ತದೆ. ಇದು ಯಾವ ನೀತಿ?

ಜನಸಂದಣಿಯ ನಿಯಂತ್ರಣಕ್ಕೂ ರಕ್ಷಣೆಗೂ ಶುಲ್ಕವು ಅವಶ್ಯಕವೆಂಬುದು ಇನ್ನೊಂದು ವಾದ. ಅದೇ ಗುಜರಾತಿನ ಮೋರ್ಬಿಯಲ್ಲಿ, ಮಚ್ಛು ನದಿಯ ತೂಗುಸೇತುವೆಗೂ ಟಿಕೇಟು ಇದ್ದಿತು. ದುರಸ್ತಿಯ ನಂತರ ತೆರೆದ ನಾಲ್ಕೇ ದಿನಗಳಲ್ಲಿ, 2022ನೆಯ ಅಕ್ಟೋಬರ್ 30ರಂದು, ಅದು ಕಡಿದು ಬಿದ್ದು 135 ಮಂದಿ ಮಡಿದರು. ಒಂದು ಮುಖ್ಯ ಹಗ್ಗದ 49 ತಂತಿಗಳ ಪೈಕಿ 22 ತುಕ್ಕು ತಿಂದಿದ್ದುವೆಂದು ವಿಶೇಷ ತನಿಖಾ ತಂಡವು ಕಂಡುಕೊಂಡಿತು. ಟಿಕೇಟು ಹಣವನ್ನು ಎಣಿಸುವುದು, ತಂತಿಗಳನ್ನಲ್ಲ. ಲಂಡನ್ನಿನ ಮಿಲೇನಿಯಂ ಕಾಲುಸೇತುವೆಯು 2000ನೆಯ ಜೂನ್ ತಿಂಗಳಲ್ಲಿ ಜನರ ನಡಿಗೆಗೆ ತೂಗಾಡಿದಾಗ ಅಲ್ಲಿನವರು ಅದನ್ನು ಮುಚ್ಚಿ, ತೂಗಾಟವನ್ನು ತಡೆಯುವ ಉಪಕರಣಗಳನ್ನು ಅಳವಡಿಸಿ, 2002ರಲ್ಲಿ ಮತ್ತೆ ಎಲ್ಲರಿಗೂ ಶುಲ್ಕವಿಲ್ಲದೆ ತೆರೆದರು. ರಕ್ಷಣೆಯು ಶಿಲ್ಪಿಯ ಕರ್ತವ್ಯ. ಸಂದಣಿಯ ಮಿತಿಯನ್ನು ತಲೆಯೆಣಿಕೆಯಿಂದಲೇ ಕಾಯಬಹುದು. ಅದಕ್ಕೆ ಬಡವನ ಜೇಬನ್ನು ಜರಡಿ ಮಾಡಬೇಕಾಗಿಲ್ಲ.

ನಿರ್ವಹಣೆಗೆ ವೆಚ್ಚವುಂಟು, ನಿಜ. ಬೀದಿಗೂ ದೀಪಕ್ಕೂ ವೆಚ್ಚವುಂಟು. ಅವನ್ನು ನಗರದ ಬೊಕ್ಕಸವು ಭರಿಸುವುದಿಲ್ಲವೆ? ನದೀತೀರದ ಯೋಜನೆಗಾಗಿ ಸಾವಿರಾರು ಬಡ ಕುಟುಂಬಗಳು ದಡವನ್ನು ಬಿಟ್ಟು ಎದ್ದು ಹೋಗಬೇಕಾಯಿತು. ಅವರ ಮಕ್ಕಳು ತಮ್ಮ ಹೊಳೆಯನ್ನು ನೋಡಲು ಬಂದಾಗ ಚೀಟಿ ಕೇಳುವುದು ನಗರಕ್ಕೆ ಶೋಭೆಯಲ್ಲ.

ದಡದ ಅಂಗಡಿಗಳಿಂದ ಬಾಡಿಗೆ ಬರಲಿ, ವಿನೋದಕ್ಕೆ ಬೆಲೆಯಿರಲಿ. ದಾರಿಗೆ ಮಾತ್ರ ಬೇಡ. ಎರಡು ದಡಗಳನ್ನು ಕೂಡಿಸುವುದು ಸೇತುವೆಯ ಧರ್ಮ. ಉಳ್ಳವರನ್ನೂ ಇಲ್ಲದವರನ್ನೂ ಬಾಗಿಲಲ್ಲಿಯೇ ಬೇರ್ಪಡಿಸುವುದು ಎಷ್ಟು ಸುಂದರವಾಗಿದ್ದರೂ ಪ್ರದರ್ಶನಶಾಲೆಯಾದೀತು, ಸೇತುವೆಯಾಗಲಾರದು.