ಹೊಂದಿಕೊಳ್ಳಬೇಕಾದವರು ಯಾರು?

ಹೊರರಾಜ್ಯಗಳಿಂದ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಓದಲು ಬರುವ ಮಕ್ಕಳಿಗಾಗಿ ಊರಿಗೆ ಊರೇ ಒಂದು ಉಪದೇಶವನ್ನು ಸಿದ್ಧಪಡಿಸಿಟ್ಟುಕೊಂಡಿರುತ್ತದೆ: “ಹೊಂದಿಕೊಂಡು ಹೋಗಿ.” ಪ್ರವೇಶದ ದಿನ ಅಧ್ಯಾಪಕರು ಹೇಳುತ್ತಾರೆ, ವಾರ್ಡನ್ ಹೇಳುತ್ತಾರೆ, ಬಾಡಿಗೆಗೆ ಕೋಣೆ ಕೊಡುವವರು ಹೇಳುತ್ತಾರೆ, ಕೊಡದವರಂತೂ ತಪ್ಪದೆ ಹೇಳುತ್ತಾರೆ. ಈ ಉಪದೇಶ ತಪ್ಪು ವಿಳಾಸಕ್ಕೆ ಹೋಗುತ್ತಿದೆ ಎಂಬುದು ನನ್ನ ವಾದ. ಹದಿನೆಂಟು ವರ್ಷದ ಹುಡುಗನೊಬ್ಬ ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕುಳಿತು, ಅಕ್ಷರ ಓದಲು ಬಾರದ, ಅನ್ನ ಪರಿಚಯವಿಲ್ಲದ ಊರಿಗೆ ಬಂದಿಳಿದಾಗಲೇ ತನ್ನ ಪಾಲಿನ ಹೊಂದಾಣಿಕೆಯ ಬಹುಭಾಗವನ್ನು ಮಾಡಿ ಮುಗಿಸಿರುತ್ತಾನೆ. ಉಳಿದದ್ದು ಕುಳಿತಲ್ಲೇ ಕುಳಿತಿರುವ ನಮ್ಮ ಪಾಲಿನದು. ಅದರ ಲೆಕ್ಕವನ್ನು ಯಾರೂ ಕೇಳುತ್ತಿಲ್ಲ.

ದೂರದ ಮಾತು ಬೇಡ, ನಮ್ಮ ಕೋಲಾರವನ್ನೇ ತೆಗೆದುಕೊಳ್ಳೋಣ. ಪಟ್ಟಣದ ಹೊರವಲಯದ ಟಮಕದಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಅದು 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಇಂತಹ ಕಾಲೇಜುಗಳ ಸ್ಥಾನಗಳಲ್ಲಿ ಒಂದು ಪಾಲು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಕೋಟಾಕ್ಕೆ ಮೀಸಲು. ಹೀಗಾಗಿ ಹೊರರಾಜ್ಯದ ಮಕ್ಕಳು ನಮ್ಮ ಬೀದಿಗಳಲ್ಲಿ ಕಾಣಿಸತೊಡಗಿದ್ದಾರೆ. 2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಮೂರು ಭಾಗವಾದಾಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಕೋಲಾರವೇ ಕೇಂದ್ರಸ್ಥಾನವಾಯಿತು. ನಾವೀಗ ವಿಶ್ವವಿದ್ಯಾಲಯದ ಊರಿನವರು ಎಂದು ಎದೆಯುಬ್ಬಿಸಿದೆವು. ನನ್ನ ದೂರು ಈ ಸಂಸ್ಥೆಗಳ ಮೇಲಲ್ಲ. ಅವುಗಳ ಗೇಟಿನಿಂದಾಚೆ ಇರುವ ನಮ್ಮ ಮೇಲೆ.

ನಾವು ಮೊದಲು ಮಾಡುವ ಕೆಲಸವೆಂದರೆ ಬಂದವರಿಗೆಲ್ಲ ಒಂದೇ ಹೆಸರಿಡುವುದು. ಮನೆಯಲ್ಲಿ ಮೈಥಿಲಿ ಆಡುವ ಬಿಹಾರದ ಹುಡುಗ, ಮಾರವಾಡಿ ಆಡುವ ರಾಜಸ್ಥಾನದ ಹುಡುಗ, ಸಂತಾಲಿ ಆಡುವ ಝಾರ್ಖಂಡದ ಹುಡುಗಿ, ಎಲ್ಲರೂ ನಮಗೆ “ಹಿಂದಿಯವರು”. ವಿಂಧ್ಯದ ಆಚೆ ನಮ್ಮನ್ನು ಸಾರಾಸಗಟಾಗಿ “ಮದ್ರಾಸಿ”ಗಳೆಂದು ಕರೆದಾಗ ನಮಗೆ ಬಂದ ಕೋಪ ನೆನಪಿರುವವರು ಈ ಪತ್ರಿಕೆಯ ಓದುಗರಲ್ಲಿ ಅನೇಕರಿದ್ದಾರೆ. ಆ ಕೋಪದಿಂದ ನಾವು ಕಲಿತದ್ದೇನು? ಅದೇ ಅಳತೆಗೋಲನ್ನು ಮನೆಗೆ ತಂದದ್ದು, ಅಷ್ಟೆ.

ಎರಡನೆಯದು ಭಾಷೆಯ ವಿಚಾರ. ಇದರಲ್ಲಿ ನಮ್ಮ ನಡತೆ ನಿಜಕ್ಕೂ ವಿಚಿತ್ರವಾದದ್ದು. “ನಾಲ್ಕು ವರ್ಷ ಇದ್ದರೂ ಕನ್ನಡ ಕಲಿಯುವುದಿಲ್ಲ” ಎಂದು ದೂರುತ್ತೇವೆ. ಆದರೆ ಆ ಹುಡುಗ ಅಂಗಡಿಗೆ ಬಂದು “ಎಷ್ಟು?” ಎಂದು ಕನ್ನಡದಲ್ಲಿ ಕೇಳಿದರೆ ಅಂಗಡಿಯವನು “ಪಚಾಸ್ ರುಪಯಾ” ಎಂದು ಉತ್ತರಿಸುತ್ತಾನೆ. ಬಸ್ಸಿನಲ್ಲಿ ಕಂಡಕ್ಟರು ಹಿಂದಿಗೆ ಹೊರಳುತ್ತಾನೆ. ಸಹಪಾಠಿಗಳು ಅವನೊಡನೆ ಮುರುಕು ಇಂಗ್ಲಿಷಿನಲ್ಲಿ ಎರಡು ಮಾತಾಡಿ, ತಮ್ಮೊಳಗೆ ತೆಲುಗು ಬೆರೆತ ಕೋಲಾರದ ಕನ್ನಡದಲ್ಲಿ ನಗೆಯಾಡುತ್ತಾರೆ. ನಕ್ಕದ್ದು ತನ್ನನ್ನೇ ಕುರಿತೋ ಎಂದು ಅವನು ಮುಖ ಮುಖ ನೋಡುತ್ತಾನೆ. ಭಾಷೆ ಪುಸ್ತಕದಿಂದ ಬರುವಂಥದಲ್ಲ, ಆಡಿಸಿದರೆ ಬರುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಕನ್ನಡೇತರ ವಿದ್ಯಾರ್ಥಿಗಳಿಗಾಗಿ “ಬಳಕೆ ಕನ್ನಡ”ವನ್ನು ಪಠ್ಯವಾಗಿ ಇಟ್ಟಿರುವುದು ಒಳ್ಳೆಯದೇ. ಆದರೆ ಬಳಸಲು ಜೊತೆಗೊಬ್ಬ ಮನುಷ್ಯ ಸಿಗದ ಬಳಕೆ ಕನ್ನಡದಿಂದ ಪರೀಕ್ಷೆಯ ಅಂಕ ಬಂದೀತು, ಗೆಳೆಯ ಬರಲಾರ. ಕನ್ನಡವನ್ನು ಕೊಡದೆ ಕನ್ನಡವನ್ನು ಕೇಳುವುದು ಯಾವ ನ್ಯಾಯ?

ಈ ಜಿಲ್ಲೆಯವರಿಗಂತೂ ಭಾಷೆಯ ನೆಪ ಹೇಳಲು ಬಾಯಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ. ಮಾಲೂರಿನ ಅಂಚಿನಲ್ಲಿ ತಮಿಳು. ಕೋಲಾರದ ಪೇಟೆಯಲ್ಲಿ ಉರ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಯ ಕೆಲಸವನ್ನು ಕೈಗೆತ್ತಿಕೊಂಡ ಮೇಲೆ ತಮಿಳುನಾಡಿನಿಂದಲೂ ಆಂಧ್ರದಿಂದಲೂ ಬಂದ ಕುಟುಂಬಗಳು 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿದ ಬಳಿಕವೂ ಇಲ್ಲಿಯವಾಗಿಯೇ ಉಳಿದಿವೆ. ನಮ್ಮ ಸಂತೆಯಲ್ಲಿ ಟೊಮೇಟೊ ಹರಾಜು ಕೂಗುವವನು ಒಂದೇ ಉಸಿರಿನಲ್ಲಿ ಮೂರು ಭಾಷೆಗಳಲ್ಲಿ ಬೆಲೆ ಹೇಳುತ್ತಾನೆ. ಇಷ್ಟೆಲ್ಲ ನಾಲಗೆಯಿದ್ದೂ, ಪಕ್ಕದಲ್ಲಿ ನಿಂತ ವಿದ್ಯಾರ್ಥಿಗೆ “ಊಟವಾಯಿತೇನಪ್ಪ” ಎಂದು ಕೇಳಲು ಮಾತ್ರ ನಮಗೆ ಭಾಷೆ ಅಡ್ಡ ಬರುತ್ತದೆ!

ನಮ್ಮ ಜಿಲ್ಲೆಯ ಹಿರಿಯರ ಭಾವಚಿತ್ರಗಳಿಗೆ ವರ್ಷಕ್ಕೊಮ್ಮೆ ಹಾರ ಹಾಕುವಾಗ ನಾವು ಮರೆಯುವ ಸಂಗತಿಯೊಂದಿದೆ. ಅವರೂ ಹೊರರಾಜ್ಯದ ವಿದ್ಯಾರ್ಥಿಗಳಾಗಿದ್ದವರೇ. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಂಗ್ಲಿಷ್ ಎಂ.ಎ. ಪದವಿಗಾಗಿ ಮದರಾಸಿಗೆ ಹೋಗಿ, 1914ರಲ್ಲಿ ಅದನ್ನು ಪಡೆದರು. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದೇ 1916ರಲ್ಲಿ. ಮನೆಮಾತು ತಮಿಳಾಗಿದ್ದ ಅವರು ಕನ್ನಡದ ಆಸ್ತಿಯಾದರು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1881ರಲ್ಲಿ ಬೆಂಗಳೂರಿನಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋದರು. ಅದು ಮುಂಬಯಿ ಪ್ರಾಂತ. ಊಟ ಬೇರೆ, ಮಾತು ಬೇರೆ. ಅಲ್ಲಿ ಓದಿದ ಈ ಪರಸ್ಥಳದ ಹುಡುಗನಿಗೆ 1884ರಲ್ಲಿ ಮುಂಬಯಿ ಸರ್ಕಾರವೇ ಇಂಜಿನಿಯರನ ಕೆಲಸ ಕೊಟ್ಟಿತು. ಅವರ ಮನೆತನದ ಹೆಸರಾದ ಮೋಕ್ಷಗುಂಡವಂತೂ ಇರುವುದು ಆಂಧ್ರದಲ್ಲಿ. ಪುಣೆಯೂ ಮದರಾಸೂ ಬಾಗಿಲು ಹಾಕಿಕೊಂಡಿದ್ದರೆ ನಮ್ಮ ಸಭಾಭವನಗಳ ಗೋಡೆಯ ಮೇಲೆ ಎಷ್ಟು ಚಿತ್ರಗಳು ಉಳಿಯುತ್ತಿದ್ದವು?

ಇಂದಿಗೂ ನಮ್ಮ ಮಕ್ಕಳು ಗಡಿ ದಾಟುತ್ತಿದ್ದಾರೆ. ಬಂಗಾರಪೇಟೆಯಿಂದ ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಸಿಗುವ ಕುಪ್ಪಂನಲ್ಲಿ ಆಂಧ್ರ ಸರ್ಕಾರ 1997ರಲ್ಲಿ, ನೆರೆಯ ದಕ್ಷಿಣ ರಾಜ್ಯಗಳ ಸಹಕಾರದೊಡನೆ, ದ್ರಾವಿಡ ವಿಶ್ವವಿದ್ಯಾಲಯವನ್ನು ಸ್ಥಾಪಿಸಿತು. ಅಲ್ಲಿ ತೆಲುಗು, ತಮಿಳಿನ ಜೊತೆಗೆ ಕನ್ನಡಕ್ಕೂ ವಿಭಾಗವಿದೆ. ಶ್ರೀನಿವಾಸಪುರದ ಹುಡುಗಿ ಅಲ್ಲಿ ಸೇರಿದರೆ, ಮನೆಯಲ್ಲಿ ತೆಲುಗು ಆಡಿದವಳಾದರೂ ಕಾಗದದ ಮೇಲೆ ಹೊರರಾಜ್ಯದವಳು. ಅವಳನ್ನು ಅಲ್ಲಿಯವರು ಹೇಗೆ ಕಂಡರು ಎಂದು ಅವಳ ತಂದೆತಾಯಿ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ಟಮಕದ ಹುಡುಗನ ತಾಯಿಯೂ ಅದನ್ನೇ ಕೇಳುತ್ತಿರಬಹುದು ಎಂಬುದು ಅವರಿಗೆ ಹೊಳೆಯುವುದಿಲ್ಲ.

“ಅವರು ಅವರವರೇ ಸೇರಿಕೊಳ್ಳುತ್ತಾರೆ, ನಮ್ಮೊಡನೆ ಬೆರೆಯುವುದಿಲ್ಲ” ಎಂಬುದು ಇನ್ನೊಂದು ಆಕ್ಷೇಪ. ಮುಂಬಯಿಗೆ ಹೋದ ನಮ್ಮವರು 1926ರಲ್ಲೇ ಮೈಸೂರು ಅಸೋಸಿಯೇಷನ್ ಕಟ್ಟಿಕೊಂಡರು. ಕನ್ನಡಿಗರು ಹೋದಲ್ಲೆಲ್ಲ ಕನ್ನಡ ಸಂಘಗಳೆದ್ದವು. ಅದನ್ನು ನಾವು ಅಭಿಮಾನವೆಂದು ಕೊಂಡಾಡುತ್ತೇವೆ. ನಾವು ಸೇರಿದರೆ ಸಂಘ, ಅವರು ಸೇರಿದರೆ ಗುಂಪುಗಾರಿಕೆ! ಬೇರೆ ಯಾರೂ ಕರೆಯದ ಸಂಜೆಗಳಲ್ಲಿ ಮನುಷ್ಯ ತನ್ನ ಮಾತು ಬಲ್ಲವನನ್ನು ಹುಡುಕಿಕೊಂಡು ಹೋಗುತ್ತಾನೆ. “ನಮ್ಮ ಸೀಟುಗಳನ್ನು ಕಿತ್ತುಕೊಂಡರು” ಎನ್ನುವವರಿಗೆ ಹೇಳಬೇಕಾದದ್ದು ಇನ್ನೂ ಸಣ್ಣದು: ಅದೇ ಪರೀಕ್ಷೆ ಬರೆದು ಕರ್ನಾಟಕದ ಮಕ್ಕಳು ಇತರ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕುಳಿತಿದ್ದಾರೆ.

ಕಾನೂನು ನಮಗಿಂತ ಮುಂದೆ ಹೋಗಿದೆ. ರ್‍ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ಮಾಡಿದ ನಿಯಮಗಳಿಗೆ 2016ರಲ್ಲಿ ತಿದ್ದುಪಡಿಯಾಯಿತು. ಪ್ರಾದೇಶಿಕ ಮೂಲ, ಭಾಷೆಯ ಗುರುತು, ಹುಟ್ಟಿದ ಸ್ಥಳ ಮೊದಲಾದವನ್ನು ಗುರಿಮಾಡಿ ಸಹಪಾಠಿಗೆ ಕೊಡುವ ದೈಹಿಕ, ಮಾನಸಿಕ ಹಿಂಸೆಯೆಲ್ಲ ರ್‍ಯಾಗಿಂಗ್ ಎಂದು ಅದು ಹೇಳುತ್ತದೆ. ಗುಂಪಿನಿಂದ ಹೊರಗಿಡುವುದನ್ನೂ ಆ ಹಿಂಸೆಯೊಳಗೆ ಸೇರಿಸುತ್ತದೆ. ಈ ಒಂದು ಪದಕ್ಕಾಗಿ ಆ ತಿದ್ದುಪಡಿಯನ್ನು ಬರೆದವರಿಗೆ ನಾನು ಕೈಮುಗಿಯುತ್ತೇನೆ. ಹೊಡೆತ ಬಡಿತಗಳಲ್ಲಿ ಮಾತ್ರವಲ್ಲ, ಕರೆಯದಿರುವುದರಲ್ಲೂ ಹಿಂಸೆಯಿದೆಯೆಂದು ನಮ್ಮ ಶಾಸ್ತ್ರಗಳನ್ನು ಓದಿದವರಿಗೆ ಯಾರೂ ಹೊಸದಾಗಿ ಹೇಳಬೇಕಾಗಿರಲಿಲ್ಲ. ಆದರೂ ಆಯೋಗವೇ ಹೇಳಬೇಕಾಯಿತು. ನಿಯಮದ ಕೈ ವಿದ್ಯಾಸಂಸ್ಥೆಯ ಮಟ್ಟಿಗೆ. ನಮ್ಮ ಬಾಡಿಗೆ ಮನೆಗಳಿಗೆ, ಚಹದಂಗಡಿಗಳಿಗೆ ಅದು ಎಟುಕದು. 2012ರ ಆಗಸ್ಟಿನಲ್ಲಿ ಬರಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರಲ್ಲ, ಅವರಲ್ಲಿ ವಿದ್ಯಾರ್ಥಿಗಳೂ ಇದ್ದರು. ಹೆದರಬೇಡ, ನಮ್ಮ ಮನೆಗೆ ಬಾ ಎಂದು ಹೇಳುವ ನೆರೆಯವನೊಬ್ಬನಾದರೂ ಇದ್ದಿದ್ದರೆ ಅವರಲ್ಲಿ ಎಷ್ಟು ಜನ ಉಳಿಯುತ್ತಿದ್ದರೋ.

ಇಷ್ಟು ಕಟುವಾಗಿ ಬರೆಯುವ ಅಧಿಕಾರ ನನಗೆಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಅಧಿಕಾರವಿಲ್ಲ, ತಪ್ಪಿದೆ. ಮೂರು ವರ್ಷಗಳ ಹಿಂದೆ ನಮ್ಮ ಮನೆಯ ಮೇಲ್ಮಹಡಿಯ ಕೋಣೆ ಖಾಲಿಯಾಗಿ, ಗೇಟಿಗೆ ಬೋರ್ಡು ಹಾಕಿದ್ದೆವು. ಇಬ್ಬರು ಹುಡುಗರು ಬಂದರು. ಯಾವ ಊರು ಎಂದೆ. ಬಿಹಾರ ಎಂದರು. ಕೋಣೆ ನಿನ್ನೆಯೇ ಹೋಯಿತು ಎಂದೆ. ಸುಳ್ಳು ಹೇಳಿದ್ದೆ, ಬೋರ್ಡು ಇನ್ನೂ ಒಂದು ತಿಂಗಳು ಅಲ್ಲೇ ತೂಗುತ್ತಿತ್ತು. ಅವರಲ್ಲಿ ಒಬ್ಬ ಅದೇ ದಾರಿಯಲ್ಲಿ ದಿನವೂ ಬಸ್ಸಿಗೆ ಹೋಗುತ್ತಿದ್ದ. ಬೋರ್ಡನ್ನೂ ನೋಡುತ್ತಿದ್ದ, ನನ್ನನ್ನೂ ನೋಡುತ್ತಿದ್ದ. “ನಮಸ್ಕಾರ ಸರ್” ಎಂದು ಕನ್ನಡದಲ್ಲೇ ಹೇಳಿ ಮುಂದೆ ನಡೆಯುತ್ತಿದ್ದ.

ಅವರು ಮಾಂಸಾಹಾರಿಗಳಿರಬಹುದು, ಅದಕ್ಕಾಗಿ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ನಾನು ಅದನ್ನು ಕೇಳಿಯೇ ಇರಲಿಲ್ಲ. ಕೇಳಿದ್ದರೆ “ಇಲ್ಲಿ ಸಸ್ಯಾಹಾರ ಮಾತ್ರ” ಎಂದು ಷರತ್ತು ಹೇಳಬಹುದಿತ್ತು. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನಮ್ಮ ಅಡುಗೆಮನೆಯ ಆಚಾರವನ್ನು ಕಾಪಾಡಿಕೊಳ್ಳುವ ಹಕ್ಕನ್ನು ನಾನು ಬಿಟ್ಟುಕೊಡಲಾರೆ, ಯಾರೂ ಬಿಡಬೇಕಾಗಿಲ್ಲ. ಆದರೆ ಊರಿನ ಹೆಸರು ಕೇಳಿದೊಡನೆ ಮುಚ್ಚಿದ ಬಾಗಿಲನ್ನು ಆಚಾರದ ಲೆಕ್ಕಕ್ಕೆ ಬರೆದುಕೊಳ್ಳುವುದು ಆಚಾರಕ್ಕೆ ಮಾಡುವ ಅವಮಾನ. ಅತಿಥಿಸಂವಿಭಾಗ ವ್ರತದಲ್ಲಿ ಅತಿಥಿಯೆಂದರೆ ಮುನಿಗಳು, ಬಾಡಿಗೆ ಕೇಳಲು ಬಂದ ಹುಡುಗರಲ್ಲ ಎಂದು ಶಾಸ್ತ್ರದ ಅರ್ಥ ಹೇಳಿ ನುಣುಚಿಕೊಳ್ಳಬಹುದು. ನಾನೂ ಹಾಗೆ ನುಣುಚಿಕೊಂಡವನೇ.

ಈ ಸಂಗತಿ ನನ್ನನ್ನು ಇಷ್ಟು ಕಾಡಲು ಬೇರೊಂದು ಕಾರಣವಿದೆ. ಯೌವನದಲ್ಲಿ ನಾನು ಉತ್ತರದ ರಾಜ್ಯವೊಂದರ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದೆ. ಅಲ್ಲಿಯ ಹಾಸ್ಟೆಲಿನಲ್ಲಿ ರಾತ್ರಿಯ ಊಟ ಒಂಬತ್ತಕ್ಕೆ. ಸೂರ್ಯಾಸ್ತದ ನಂತರ ಉಣ್ಣದ ನಾನು ಮೊದಲ ವಾರ ಬಾಳೆಹಣ್ಣಿನಲ್ಲಿ ದಿನ ಕಳೆದೆ. ಎಂಟನೆಯ ದಿನ ಅಡುಗೆಯವನು ನನ್ನನ್ನು ಕರೆದು, ಸಂಜೆ ಐದೂವರೆಗೆ ಹಿಂದಿನ ಬಾಗಿಲಿಗೆ ಬಾ ಎಂದ. ಅಂದಿನಿಂದ ಎರಡು ವರ್ಷ ನಾಲ್ಕು ರೊಟ್ಟಿ, ಒಂದು ಬಟ್ಟಲು ಬೇಳೆ ತಟ್ಟೆ ಮುಚ್ಚಿ ಕಾದಿರುತ್ತಿದ್ದವು. ಅವನು ನನ್ನ ಮತವನ್ನು ಕೇಳಲಿಲ್ಲ, ನನ್ನ ಊರು ನಕ್ಷೆಯಲ್ಲಿ ಎಲ್ಲಿದೆಯೆಂದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ. “ಹೊಂದಿಕೋ” ಎಂಬ ಮಾತನ್ನಂತೂ ಒಮ್ಮೆಯೂ ಆಡಲಿಲ್ಲ. ಆ ರೊಟ್ಟಿಯನ್ನು ತಿಂದು ಬಂದವನು ನಾನು.

ಈಗ ನಮ್ಮ ಸಮಾಜದ ಸಭೆಗಳಲ್ಲಿ ಕೇಳಿಬರುವ ಒಂದು ಸಲಹೆಯ ಬಗ್ಗೆ. ಹೊರಗಿನಿಂದ ಬರುವ ನಮ್ಮ ಮಕ್ಕಳಿಗೆ ನಮ್ಮದೇ ವಿದ್ಯಾರ್ಥಿನಿಲಯ ಕಟ್ಟೋಣ, ಶುದ್ಧ ಆಹಾರ, ನಮ್ಮವರ ಸಹವಾಸ ಎರಡೂ ಸಿಗುತ್ತದೆ ಎನ್ನುತ್ತಾರೆ. ಇಂತಹ ನಿಲಯಗಳು ಹಿಂದೆ ಬಡಮಕ್ಕಳಿಗೆ ಮಾಡಿದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಂದು ಕೋಲಾರಕ್ಕೆ ಬಂದ ಹುಡುಗನನ್ನು ನಾಲ್ಕು ವರ್ಷ ನಮ್ಮವರ ನಡುವೆಯೇ ಬಚ್ಚಿಟ್ಟು ಹಿಂದಿರುಗಿಸಿದರೆ ಅವನು ಕಂಡದ್ದೇನು? ರಾಜಸ್ಥಾನದಿಂದ, ಗುಜರಾತಿನಿಂದ ವ್ಯಾಪಾರಕ್ಕಾಗಿ ಬಂದ ಮನೆತನಗಳು ಈ ಓದುಗರಲ್ಲೇ ಇವೆ. ಅವರ ಅಜ್ಜಂದಿರು ಗಿರಾಕಿಯ ತೆಲುಗು, ಗಿರಾಕಿಯ ತಮಿಳು ಕಲಿತು ಬೇರೂರಿದರು. ಅವರಿಗೆ ಅಂಗಡಿಯ ಜಾಗ ಕೊಟ್ಟವರು ಬೇರೆ ಜನ. ಆ ಋಣ ತೀರಿಸಲು ಕಟ್ಟಡವೇ ಬೇಕೆಂದರೆ ಕಟ್ಟೋಣ, ಅಡುಗೆಯ ನಿಯಮ ಒಪ್ಪುವ ಯಾವ ವಿದ್ಯಾರ್ಥಿಗಾದರೂ ಅಲ್ಲಿ ಜಾಗವಿರಲಿ. ಇಲ್ಲವಾದರೆ ಆ ಹಣದಲ್ಲಿ ಹಬ್ಬಕ್ಕೆ ನಾಲ್ಕು ಮಕ್ಕಳನ್ನು ಮನೆಗೆ ಕರೆದು ಊಟ ಹಾಕುವುದೇ ಮೇಲು.

ಮೇಲಿನ ಕೋಣೆ ಕಳೆದ ತಿಂಗಳು ಮತ್ತೆ ಖಾಲಿಯಾಗಿದೆ. ಅಡುಗೆಯ ಷರತ್ತನ್ನು ಕನ್ನಡದಲ್ಲೂ ಹಿಂದಿಯಲ್ಲೂ ನಾನೇ ಬರೆದು ಬೋರ್ಡಿನ ಕೆಳಗೆ ಅಂಟಿಸಿದ್ದೇನೆ. ಊರು ಯಾವುದೆಂದು ಕೇಳುವ ಸಾಲು ಅದರಲ್ಲಿಲ್ಲ. ಹಿಂದಿಯ ಕಾಗುಣಿತ ತಪ್ಪಿದೆಯೆಂದು ಮಗಳು ಹೇಳಿದಳು. ಬರುವವರೇ ತಿದ್ದಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.