ಜಗಲಿ ಯಾರದು?

ವಿದ್ಯಾವಂತರು ಸೇರಿದ ಸಭೆಗಳಲ್ಲಿ ಈಚೆಗೆ ಒಂದು ಮಾತು ಬಹಳವಾಗಿ ಕೇಳಿಬರುತ್ತಿರುವುದು. ನಮ್ಮ ಪೂರ್ವಿಕರಿಗೆ ಮನೋವೈದ್ಯನ ಹಂಗು ಇರಲಿಲ್ಲವಂತೆ. ದುಃಖವುಳ್ಳವನು ಸಂಜೆ ಜಗಲಿಯ ಮೇಲೆ ಬಂದು ಕುಳಿತರೆ ನಾಲ್ವರು ಹಿರಿಯರು ಮಾತನಾಡಿಸಿ ಅವನ ಎದೆಯ ಭಾರವನ್ನು ಇಳಿಸುತ್ತಿದ್ದರಂತೆ. ಜಗಲಿಗಳು ಹೋಗಿ ಸಿಮೆಂಟಿನ ಮನೆಗಳು ಬಂದುದೇ ಈಗಿನ ಚಿತ್ತವ್ಯಾಧಿಗಳಿಗೆಲ್ಲ ಮೂಲವಂತೆ. ಕಿವಿಗೆ ಇಂಪಾದ ಮಾತು. ಹೇಳತಕ್ಕವರೂ ನಮ್ಮ ಮಿತ್ರರೇ. ಆದರೂ ಇದನ್ನು ಖಂಡಿಸದೆ ಬಿಡಲಾಗದು. ಏಕೆಂದರೆ ಈ ಮಾತನ್ನು ನಂಬಿ ನಾವು ಕೈಕಟ್ಟಿ ಕುಳಿತಿರುವಾಗ, ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳ ಈ ಉಪವಿಭಾಗದಲ್ಲಿ ಯಾರಿಗೆ ಆಸರೆಯು ಎಲ್ಲರಿಗಿಂತ ಹೆಚ್ಚಾಗಿ ಬೇಕೋ ಅವರೇ ಆಸರೆಯಿಲ್ಲದೆ ಕೊರಗುತ್ತಿರುವರು.

ಆ ಜಗಲಿ ಯಾರದಾಗಿದ್ದಿತು? ಊರ ಹೊರಗಿನ ಕೇರಿಯವನು ಅದರ ಮೇಲೆ ಕುಳಿತುದುಂಟೆ? ಗಂಡ ಸತ್ತವಳು ಅಲ್ಲಿಗೆ ಬಂದು ತನ್ನ ಸಂಕಟವನ್ನು ಹೇಳಿಕೊಂಡುದುಂಟೆ? ಗಂಡಾಗಿ ಹುಟ್ಟಿ ಹೆಣ್ಣಿನ ಸ್ವಭಾವವನ್ನು ತಾಳಿದ ಹುಡುಗನು ಜಗಲಿಯ ಮುಂದೆ ಹಾದುಹೋದಾಗ ಹಿರಿಯರು ಆಡಿದ ಮಾತು ಸಾಂತ್ವನದ್ದಾಗಿದ್ದಿತೆ? ಜಗಲಿಯು ಕುಳಿತವರ ದುಃಖವನ್ನು ಕಳೆದಿರಬಹುದು. ನಿಂತವರ ದುಃಖಕ್ಕೆ ಎಷ್ಟೋ ಸಲ ಅದೇ ಕಾರಣವಾಗಿದ್ದಿತು. ನಮ್ಮ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿಕೊಂಡವರಿಗೆ ತಿರುಕುಲದವರೆಂದು ಹೆಸರಿತ್ತು ದೇವಾಲಯದ ಬಾಗಿಲನ್ನು ತೆರೆದರೆಂದು ಐತಿಹ್ಯವುಂಟು. ಅದನ್ನು ನಾವು ಉಪನ್ಯಾಸಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆಚಾರ್ಯರು ತೆರೆದ ಬಾಗಿಲು ಮುಂದೆ ವರ್ಷಕ್ಕೆ ಕೆಲವೇ ದಿನಗಳ ಬಾಗಿಲಾಗಿ ನಿಂತಿತೆಂಬುದನ್ನು ಮಾತ್ರ ಮೆಲ್ಲಗೆ ಬಿಟ್ಟುಬಿಡುತ್ತೇವೆ.

ಇನ್ನು ಕೆಲವರು ಶಾಸ್ತ್ರವನ್ನೇ ಮುಂದುಮಾಡುವರು. ಹೆಂಗಸು ಮೌನಿಯಾದರೆ ಗಾಳಿ ಸೋಂಕಿತೆಂದೂ, ತರುಣನು ತನ್ನಷ್ಟಕ್ಕೆ ಮಾತನಾಡಿದರೆ ಮಾಟವೆಂದೂ ಹೇಳಿ, ತಾಯತಕ್ಕೂ ಬೇವಿನ ಸೊಪ್ಪಿನ ಏಟಿಗೂ ಒಪ್ಪಿಸಿ, ಇದೆಲ್ಲ ನಮ್ಮ ಪ್ರಾಚೀನ ವಿದ್ಯೆ ಎನ್ನುವರು. ಪಾಠಶಾಲೆಯಲ್ಲಿ ಓದಿದವನಾದ್ದರಿಂದ ಇದಕ್ಕೆ ಉತ್ತರ ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ. ಚರಕಸಂಹಿತೆಯ ನಿದಾನಸ್ಥಾನದ ಉನ್ಮಾದಾಧ್ಯಾಯವನ್ನು ಇವರು ತೆರೆದು ನೋಡಲಿ. ತಾನಾಗಿ ಕ್ಲೇಶಕ್ಕೆ ಒಳಗಾಗದ ಮನುಷ್ಯನನ್ನು ದೇವತೆಗಳಾಗಲಿ ಗಂಧರ್ವಪಿಶಾಚರಾಕ್ಷಸರಾಗಲಿ ಬಾಧಿಸುವುದಿಲ್ಲವೆಂದು ಆ ಗ್ರಂಥವೇ ಹೇಳುತ್ತದೆ. ಚಿಕಿತ್ಸಾಸ್ಥಾನದ ಒಂಬತ್ತನೆಯ ಅಧ್ಯಾಯದಲ್ಲಿ, ಸುಹೃತ್ತಾದವನು ಧರ್ಮಾರ್ಥಗಳಿಂದ ಕೂಡಿದ ಮಾತುಗಳಿಂದ ರೋಗಿಗೆ ಧೈರ್ಯ ಹೇಳಬೇಕೆಂಬ ವಿಧಿಯುಂಟು. ಅದೇ ಅಧ್ಯಾಯದಲ್ಲಿ ರೋಗಿಯನ್ನು ಕಟ್ಟುವ, ಹೆದರಿಸುವ ಉಪಾಯಗಳೂ ಉಂಟು; ಅವನ್ನು ಇಂದು ಯಾರೂ ಸಮರ್ಥಿಸಕೂಡದು. ನಮ್ಮವರು ಮಾಡಿರುವುದೇನೆಂದರೆ, ಸುಹೃತ್ತನ್ನು ಬಿಟ್ಟು ಹಗ್ಗವನ್ನು ಮಾತ್ರ ಉಳಿಸಿಕೊಂಡಿರುವುದು! ತಮಿಳುನಾಡಿನ ಏರ್ವಾಡಿಯಲ್ಲಿ 2001ನೆಯ ಇಸವಿ ಆಗಸ್ಟ್ 6 ರಂದು ಬೆಂಕಿ ಬಿದ್ದಾಗ, ಸಂಕಲೆಗಳಲ್ಲಿ ಬಿಗಿಯಲ್ಪಟ್ಟಿದ್ದುದರಿಂದ ಓಡಲಾರದೆ 28 ಮಂದಿ ರೋಗಿಗಳು ಮಡಿದರು. ರೋಗಿಯನ್ನು ಯಾವ ರೀತಿಯಲ್ಲಿಯೂ ಸಂಕಲೆಯಿಂದ ಬಂಧಿಸಬಾರದೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ನಿಷೇಧಿಸಿದೆ.

ಆ ಕಾಯಿದೆಯ ವಿಷಯವನ್ನು ಎತ್ತಿದೊಡನೆ ಮೂರನೆಯ ಪಕ್ಷದವರು ಎದ್ದು ನಿಲ್ಲುವರು. ಕಾನೂನಿದೆ, ವೈದ್ಯರಿದ್ದಾರೆ, ಬೇಕಾದವರು ಹೋಗಲಿ, ನಾವೇನು ಮಾಡಬೇಕು ಎಂಬುದು ಇವರ ವಾದ. ಕಾನೂನಿರುವುದು ನಿಜ. ಜಾತಿ, ವರ್ಗ, ಲಿಂಗ, ಮತ, ಲೈಂಗಿಕ ಪ್ರವೃತ್ತಿ ಇವುಗಳ ಭೇದವಿಲ್ಲದೆ ಮನಸ್ಸಿನ ಚಿಕಿತ್ಸೆಯನ್ನು ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದೂ, ಬಡತನದ ರೇಖೆಗಿಂತ ಕೆಳಗಿರುವವರಿಗೆ ಅದು ಸರ್ಕಾರದ ಸಂಸ್ಥೆಗಳಲ್ಲಿ ಉಚಿತವೆಂದೂ ಅದರ 18ನೆಯ ಪ್ರಕರಣವು ಸಾರುತ್ತದೆ. ಆತ್ಮಹತ್ಯೆಗೆ ಯತ್ನಿಸಿದವನು ತೀವ್ರವಾದ ಮನಃಕ್ಲೇಶದಲ್ಲಿದ್ದನೆಂದು ಭಾವಿಸಿ, ದಂಡಿಸದೆ ಆರೈಕೆ ಮಾಡಬೇಕೆಂದು 115ನೆಯ ಪ್ರಕರಣವು ವಿಧಿಸುತ್ತದೆ. ಮಂಡ್ಯದಲ್ಲಿ ಸರ್ಕಾರದ ವೈದ್ಯಕೀಯ ಕಾಲೇಜುಂಟು. ನಾಗಮಂಗಲ ತಾಲ್ಲೂಕಿನ ಬಿ. ಜಿ. ನಗರದಲ್ಲಿ ಆದಿಚುಂಚನಗಿರಿಯವರ ಕಾಲೇಜುಂಟು. 2022ರ ಅಕ್ಟೋಬರಿನಿಂದ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಹಣ ತೆರದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಇಷ್ಟೂ ಒಳ್ಳೆಯದೇ, ಇವನ್ನು ಹಳಿಯುವವನು ನಾನಲ್ಲ.

ಆದರೆ ಕಿಕ್ಕೇರಿ ಹೋಬಳಿಯ ಒಂದು ಹಳ್ಳಿಯ ಕೂಲಿಯ ಹೆಂಗಸನ್ನು ಎಣಿಸಿಕೊಳ್ಳಿ. ನಿದ್ರೆಯಿಲ್ಲ, ಅನ್ನ ಸೇರದು, ಬದುಕಿ ಫಲವೇನೆಂಬ ಚಿಂತೆ. ದೂರವಾಣಿಯು ಮನೆಯಲ್ಲಿ ಒಂದೇ, ಅದು ಮಗನ ಕೈಯಲ್ಲಿ. ಮನೆಯು ಒಂದೇ ಅಂಕಣದ್ದು. ಯಾರಿಗೂ ಕೇಳದಂತೆ ಅಳುವುದಕ್ಕೂ ಅಲ್ಲಿ ಸ್ಥಳವಿಲ್ಲ. ಮಂಡ್ಯಕ್ಕೆ ಹೋಗಬೇಕಾದರೆ ಮೊದಲು ಪೇಟೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಒಂದು ದಿನದ ಕೂಲಿ ಹೋಯಿತು, ಜೊತೆಗೆ ಬಂದವರ ಕೂಲಿಯೂ ಹೋಯಿತು. ಅಲ್ಲಿ ಚೀಟಿ ಬರೆಯಿಸುವಲ್ಲಿ ಏನು ಕಾಯಿಲೆಯೆಂದು ಕೇಳಿದರೆ ಏನೆಂದು ಹೇಳಿಯಾಳು? ವೈದ್ಯನು ಕೊಟ್ಟ ಮಾತ್ರೆಯು ವಿಷಾದರೋಗಕ್ಕೆ ಹಿಡಿಯಬೇಕಾದರೆ ಎರಡು ವಾರದಿಂದ ಆರು ವಾರ ಬೇಕು. ನಡುವೆ ಬಾಯಿ ಒಣಗುವುದು, ಮಂಕು ಕವಿಯುವುದು ಮೊದಲಾದ ತೊಂದರೆಗಳು ಮುಂಚೆಯೇ ತೋರುವುವು. ಮಂತ್ರವಾದಿಯಾದರೋ ಆ ರಾತ್ರಿಯೇ ಫಲ ತೋರಿಸುವೆನೆನ್ನುವನು. ಎಂಟನೆಯ ದಿನ ಮಾತ್ರೆಯನ್ನು ಬಿಟ್ಟ ಅವಳನ್ನು ನಾವು ಅಜ್ಞಾನಿಯೆನ್ನುತ್ತೇವೆ. “ಇನ್ನು ಹದಿನೈದು ದಿನ ತಾಳಮ್ಮ, ಮುಂದಿನ ಸಲ ನಾನೂ ಬರುತ್ತೇನೆ” ಎನ್ನುವ ಒಬ್ಬರು ಕೇರಿಯಲ್ಲಿದ್ದಿದ್ದರೆ ಅವಳು ಬಿಡುತ್ತಿದ್ದಳೆ? ನಿಮ್ಹಾನ್ಸ್ ಸಂಸ್ಥೆಯವರು 2015–16 ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ 10.6 ಮಂದಿ ಮನೋವ್ಯಾಧಿಗೊಳಗಾಗಿದ್ದರು. ಕಡಮೆ ವರಮಾನದವರಲ್ಲಿ ಇದು ಹೆಚ್ಚು. ರೋಗಭೇದಕ್ಕನುಸಾರವಾಗಿ ಚಿಕಿತ್ಸೆ ದೊರೆಯದವರು ಶೇಕಡಾ 70 ರಿಂದ 92. ಇಷ್ಟು ಮಂದಿಯೂ ಅಜ್ಞಾನಿಗಳೆಂದು ಹೇಳುವ ಧೈರ್ಯ ಯಾರಿಗುಂಟು?

2015ನೆಯ ಇಸವಿಯನ್ನು ನಮ್ಮ ಜಿಲ್ಲೆಯವರು ಮರೆತಿರಲಾರರು. ಕಬ್ಬಿಗೆ ಬೆಲೆಯಿಲ್ಲದೆ, ಕಾರ್ಖಾನೆಗಳಿಂದ ಬಾಕಿಯು ಬಾರದೆ, ಸಾಲಕ್ಕೆ ಸಿಕ್ಕಿ ರೈತರು ಒಬ್ಬರ ಹಿಂದೊಬ್ಬರು ಪ್ರಾಣ ಬಿಟ್ಟರು. ಆಗ ಮಂತ್ರಿಗಳು ಬಂದರು, ಪತ್ರಿಕೆಯವರು ಬಂದರು. ಪರಿಹಾರದ ಮೊತ್ತವು 5 ಲಕ್ಷ ರೂಪಾಯಿಗೆ ಏರಿತು. ಪಹಣಿಯಲ್ಲಿ ಹೆಸರಿದೆಯೆ, ಸಾಲವು ಬ್ಯಾಂಕಿನದೆ, ಸೊಸೈಟಿಯದೆ ಎಂಬ ವಿಚಾರಣೆ ನಡೆಯಿತು. ವಿಚಾರಣೆ ಬೇಡವೆನ್ನಲಾಗದು, ಹಣವು ಸರ್ಕಾರದ್ದು. ಆದರೆ ಸತ್ತವನ ಹೆಂಡತಿಯ ಮನಸ್ಸು ಹೇಗಿದೆಯೆಂದು ಕೇಳುವುದಕ್ಕೆ ಆ ನಮೂನೆಗಳಲ್ಲಿ ಯಾವ ಅಂಕಣವಿದ್ದಿತು? ಭೂಮಿಯೇ ಇಲ್ಲದೆ ಕಬ್ಬು ಕಡಿಯುವವನ, ಬೇರೊಬ್ಬರ ಗದ್ದೆಯನ್ನು ಬಾಯಿಮಾತಿನ ಗುತ್ತಿಗೆಗೆ ಮಾಡುವವನ, ಉತ್ತರದೇಶದಿಂದ ಆಲೆಮನೆಗೆ ಬಂದ ಕೂಲಿಯವನ ಸಂಕಟಕ್ಕೆ ಪಹಣಿಯೂ ಇಲ್ಲ, ಪರಿಹಾರವೂ ಇಲ್ಲ, ಪತ್ರಿಕೆಯೂ ಇಲ್ಲ. ಮನೆಯಿಂದ ಹೊರದೂಡಲ್ಪಟ್ಟು ಮೈಸೂರಿಗೋ ಬೆಂಗಳೂರಿಗೋ ಹೋದ ಮಂಗಳಮುಖಿಯರನ್ನು ಅವರ ಊರು ಮಗನೆಂದೂ ಎಣಿಸುವುದಿಲ್ಲ, ಮಗಳೆಂದೂ ಎಣಿಸುವುದಿಲ್ಲ. ಅವರಿಗೆ ತಮ್ಮ ಲಿಂಗವನ್ನು ತಾವೇ ಹೇಳಿಕೊಳ್ಳುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2014 ರಲ್ಲಿಯೇ ತೀರ್ಪಿತ್ತಿದ್ದರೂ ಊರ ಜಗಲಿಯ ತೀರ್ಪು ಇನ್ನೂ ಬದಲಾಗಿಲ್ಲ.

ಸುಶಿಕ್ಷಿತರಾದ ತಜ್ಞರೇ ಇಲ್ಲದೆ ನಾವು ಸಾಮಾನ್ಯರು ಏನು ಮಾಡಬಲ್ಲೆವೆಂಬ ಆಕ್ಷೇಪ ಉಳಿಯಿತು. ಇದಕ್ಕೆ ಉತ್ತರವು ನಮ್ಮ ರಾಜ್ಯದಲ್ಲಿಯೇ ಹುಟ್ಟಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಶಿಕ್ಷಣ ಕೊಟ್ಟು, ಹಳ್ಳಿಯ ಮನೋರೋಗಿಗೆ ಹಳ್ಳಿಯ ಸಮೀಪದಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಅದೇ 1996 ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೂರದ ಜಿಂಬಾಬ್ವೆ ದೇಶದ ಹರಾರೆ ನಗರದಲ್ಲಿ ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಸ್ಪತ್ರೆಯ ಅಂಗಳದಲ್ಲಿ ಒಂದು ಮರದ ಬೆಂಚನ್ನು ಹಾಕಿಸಿ, ತರಬೇತು ಹೊಂದಿದ ಅಜ್ಜಿಯರನ್ನು ಅದರ ಮೇಲೆ ಕೂರಿಸಿದರು. ದುಃಖಿಗಳು ಬಂದು ಪಕ್ಕದಲ್ಲಿ ಕುಳಿತು ಮಾತನಾಡುವರು. ಒಂದೊಂದೇ ತೊಡಕನ್ನು ಬಿಡಿಸಿಕೊಳ್ಳುವರು. ಅಜ್ಜಿಯ ಅಳವಿಗೆ ಮೀರಿದುದನ್ನು ವೈದ್ಯರಿಗೆ ಒಪ್ಪಿಸುವರು. ಇದರಿಂದ ರೋಗಲಕ್ಷಣಗಳು ತಗ್ಗಿದುವೆಂದು ಪರೀಕ್ಷಿಸಿ 2016 ರಲ್ಲಿ ಪ್ರಕಟಿಸಿಯೂ ಇದ್ದಾರೆ. ಅದು ಜಗಲಿಯೇ, ಆದರೆ ಯಾರು ಬಂದರೂ ಪಕ್ಕದಲ್ಲಿ ಕುಳಿತುಕೊಳ್ಳಬಹುದಾದ ಜಗಲಿ.

ನಮ್ಮಲ್ಲಿ ಅಂಥ ಸ್ಥಳಗಳಿಲ್ಲವೆ? ಎಷ್ಟೋ ಹಳ್ಳಿಗಳಲ್ಲಿ ಹಾಲಿನ ಡೇರಿಯುಂಟು. ಬೆಳಗ್ಗೆ ಸಂಜೆ ಎಲ್ಲ ಕೇರಿಗಳವರೂ ಅಲ್ಲಿ ಒಂದೇ ಸಾಲಿನಲ್ಲಿ ನಿಲ್ಲುವರು. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುವುದು. ಹಸುವಿಲ್ಲದವರು ಅಲ್ಲಿಗೆ ಬರುವುದಿಲ್ಲವೆಂಬುದೂ ನಿಜ. ಅವರ ಮನೆಗೆ ಆಶಾ ಕಾರ್ಯಕರ್ತೆಯು ಹೋಗುವಳು, ಅವಳೊಡನೆ ನಾವೂ ಹೋಗಬೇಕು. ನಮ್ಮ ಸಂಘದ ಸಭಾಂಗಣವಾದರೋ ತಿಂಗಳಲ್ಲಿ ಎರಡು ಮೂರು ದಿನ ಕವಿಗೋಷ್ಠಿಗೂ ಸನ್ಮಾನಕ್ಕೂ ತೆರೆದು ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುವುದು. ವಾರಕ್ಕೊಂದು ದಿನ ಅದನ್ನು ತೆರೆದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರಿಂದ ತರಬೇತಿ ಪಡೆದ ಇಬ್ಬರನ್ನು ಕೂರಿಸುವುದು. ಆ ಇಬ್ಬರಲ್ಲಿ ಒಬ್ಬರು ಹೆಂಗಸಾಗಿರತಕ್ಕದ್ದು, ಒಬ್ಬರು ಹೊರಕೇರಿಯವರಾಗಿರತಕ್ಕದ್ದು. ಅಲ್ಲಿ ಕೇಳಿದುದು ಅಲ್ಲಿಯೇ ಉಳಿಯತಕ್ಕದ್ದು. ಮಂಡ್ಯಕ್ಕೆ ಹೋಗಬೇಕಾದವರ ಜೊತೆಗೆ ಸಂಘದ ಸದಸ್ಯನೊಬ್ಬನು ಸರದಿಯಂತೆ ಹೋಗುವುದು. ಬಸ್ಸಿನ ಖರ್ಚನ್ನು ಶಾಲು ಹಾರಗಳ ಬಾಬಿನಿಂದ ತೆಗೆಯುವುದು. ಈ ಸೂಚನೆಯನ್ನು ಮುಂದಿನ ಕಾರ್ಯಕಾರಿ ಸಮಿತಿಯ ಮುಂದೆ ಬರೆವಣಿಗೆಯಲ್ಲಿ ಮಂಡಿಸಲಿರುವೆನು. ಜಗಲಿಯನ್ನು ಹೊಗಳಿದ ಮಿತ್ರರಲ್ಲಿ ಯಾರು ಅನುಮೋದಿಸುವರೆಂಬುದನ್ನು ಆ ದಿನ ನೋಡೋಣ.